ಹದಿನಾಲ್ಕನೇ ಮೋಟ್ರು

ನಮ್ಮಪ್ಪ ಹುಚ್ಚಯ್ಯ ಕೆರೆಹುಂಡಿಯ ನೀರುಗಂಟಿಯಾಗಿದ್ದ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವುದು ಅವನ ಕೆಲಸ. ನಮ್ಮನ್ನು ಜಗಲಿ ಹತ್ತಿಸದ ಮನೆಯವರೂ ನೀರಿನ ವಿಷಯಕ್ಕೆ ಬಂದರೆ ಅಪ್ಪನಿಗೆ ಎದುರಾಡುತ್ತಿರಲಿಲ್ಲ. ಅವನದು ತಾತನ ಕಾಲದಿಂದ ಬಂದ ಒಂದೇ ನಿಯಮ. ನೀರು ಕಮ್ಮಿಯಾದ ವರ್ಷ ಕಾಲುವೆಯ ಬಾಲದ ಗದ್ದೆಗೆ ಮೊದಲು, ತೂಬಿನ ಪಕ್ಕದ ಗದ್ದೆಗೆ ಕೊನೆಗೆ. ತೂಬಿನ ಪಕ್ಕದವನು ಕದ್ದಾದರೂ ಬದುಕಿಕೊಳ್ಳುತ್ತಾನೆ, ಬಾಲದವನು ಕದಿಯಬೇಕೆಂದರೂ ಅವನ ಹತ್ತಿರ ನೀರೇ ಹೋಗುವುದಿಲ್ಲ ಅನ್ನುತ್ತಿದ್ದ.

ತೊಂಬತ್ತೈದರಿಂದ ಊರಲ್ಲಿ ಬೋರ್‌ವೆಲ್ ಶುರುವಾದವು. ಎರಡು ಸಾವಿರನೇ ಇಸವಿಯಲ್ಲಿ ಕೆರೆ ಕೊನೆಯ ಸಲ ಕೋಡಿ ಬಿತ್ತು. ಆಮೇಲೆ ಎರಡು ವರ್ಷ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಬೋರ್ ಇದ್ದವರೆಲ್ಲ ಅವರವರ ನೀರಿಗೆ ಅವರವರೇ ಯಜಮಾನರಾದರು, ಅಪ್ಪನನ್ನು ಕೇಳುವವರು ಇಲ್ಲವಾದರು. ತೂಬಿನ ಕಡೆ ಹೋಗುವುದನ್ನು ನಿಲ್ಲಿಸಿ, ಸರ್ಕಾರ ನಮಗೆ ಆಗತಾನೆ ಮಂಜೂರು ಮಾಡಿದ್ದ ಎರಡೆಕರೆಯಲ್ಲಿ ಹಿಪ್ಪುನೇರಳೆ ಹಾಕಿಕೊಂಡು ಸುಮ್ಮನಾದ. ಆ ಎರಡೆಕರೆ ಕೂಡ ಇದ್ದದ್ದು ಕಾಲುವೆಯ ಬಾಲದಲ್ಲೇ. ನಮ್ಮಂಥವರಿಗೆ ಸರ್ಕಾರ ಜಮೀನು ಹುಡುಕುವುದು ಅಂಥ ಕಡೆಯೇ ತಾನೆ?

ಅವನ ಮಗ ಮಾದೇಶ ನಾನು. ಕವಲಂದೆ ಸೆಕ್ಷನ್ನಿನಲ್ಲಿ ಲೈನ್‌ಮ್ಯಾನ್. ಕೆಲಸ ಸಿಕ್ಕಿದಾಗ ಅಪ್ಪ ಖುಷಿಯಿಂದ, "ನಾನು ನೀರು ಬುಡ್ತಿದ್ದೆ, ನೀನು ಕರೆಂಟು ಬುಡ್ತೀಯ, ಎಲ್ಡೂ ಒಂದೇಯ" ಅಂದಿದ್ದ. ಆಗ ನಕ್ಕಿದ್ದೆ. ಎರಡು ಸಾವಿರದ ಮೂರರ ಬೇಸಿಗೆ ಬಂದಾಗ ಅವನು ಹೇಳಿದ್ದು ನಿಜವೇ ಆಯಿತು. ಅಣೆಕಟ್ಟೆಗಳಲ್ಲಿ ನೀರಿಲ್ಲ, ಅದಕ್ಕೇ ಕರೆಂಟಿಲ್ಲ. ಮಳೆಯಿಲ್ಲ, ಅದಕ್ಕೇ ಎಲ್ಲರಿಗೂ ಕರೆಂಟು ಬೇಕು. ನೂರಿಪ್ಪತ್ತು ಅಡಿಗೆ ಸಿಗುತ್ತಿದ್ದ ನೀರು ನಾನ್ನೂರಕ್ಕೆ ಇಳಿದಿತ್ತು. ಮೂರು ಎಚ್‌ಪಿ ಮೋಟ್ರು ಇದ್ದ ಕಡೆಯೆಲ್ಲ ಏಳೂವರೆ, ಹತ್ತು ಇಳಿಸಿದ್ದರು. ಬದಲಾಗದೆ ನಿಂತಿದ್ದದ್ದು ಟಿಸಿ ಒಂದೇ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್ರು; ಊರ ಮುಂದಿನ ಆ ಡಬ್ಬದಿಂದಲೇ ಹದಿನಾಲ್ಕು ಪಂಪ್‌ಸೆಟ್ಟೂ ನಡೆಯಬೇಕು, ಊರಿಗೆ ಕುಡಿಯುವ ನೀರೆತ್ತುವ ಪಂಚಾಯ್ತಿ ಮೋಟ್ರೂ ನಡೆಯಬೇಕು.

ಅದರ ಮೇಲೆ ಆಟೋ ಸ್ಟಾರ್ಟರ್ ಕಾಟ ಬೇರೆ. ಮೋಟ್ರು ಓಡಿಸುವ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ, ಕಾಯುತ್ತ ಕೂರುವವರು ಯಾರು? ಅದಕ್ಕೇ ಎಲ್ಲರೂ ಒಂದೊಂದು ಆಟೋ ಡಬ್ಬಿ ಹಾಕಿಸಿಕೊಂಡಿದ್ದರು. ಕರೆಂಟು ಬಂದ ಕ್ಷಣ ಮೋಟ್ರು ತಾನೇ ಶುರುವಾಗುತ್ತದೆ. ಒಬ್ಬನ ಮನೆಗಾದರೆ ಒಳ್ಳೆಯ ವಸ್ತು. ಹದಿನಾಲ್ಕೂ ಒಂದೇ ಏಟಿಗೆ ಎದ್ದರೆ ಟಿಸಿ ತಡೆಯುತ್ತದೆಯೇ? ಫೆಬ್ರವರಿಯಲ್ಲಿ ಒಂದು ದಿನ ಎಣ್ಣೆ ಉಗುಳಿ ಸುಟ್ಟುಹೋಯಿತು. ಮೂವತ್ತೆಂಟು ದಿನ ಊರಿನ ಹೆಂಗಸರು ಪಕ್ಕದೂರಿನ ಬಾವಿಯಿಂದ ನೀರು ಹೊತ್ತರು. ಫ್ಯೂಸಿನ ಜಾಗಕ್ಕೆ ಬೆರಳು ಗಾತ್ರದ ತಂತಿ ಬಿಗಿದಿದ್ದವರೆಲ್ಲ ಸೇರಿ ನನ್ನನ್ನು ಬೈದರು.

ನಮ್ಮ ಸೆಕ್ಷನ್ ಆಫೀಸರು ಶಂಕರನಾರಾಯಣ. ತಿ. ನರಸೀಪುರದ ಅರ್ಚಕರ ಮನೆಯವರು, ದಿನಾ ಎರಡು ಬಸ್ಸು ಬದಲಾಯಿಸಿ ಬರುವವರು. ಹೇಗೋ ಓಡಾಡಿ ರಿಪೇರಿಯಾದ ಒಂದು ಟಿಸಿ ಕೊಡಿಸಿದರು. ಅದನ್ನು ಕೂರಿಸಿದ ದಿನ ಪಂಚಾಯ್ತಿ ಆಫೀಸಿನ ಮುಂದೆ ಊರವರನ್ನು ಸೇರಿಸಿ ಮುಖ ಮುರಿದಂತೆ ಮಾತಾಡಿದರು.

"ನಮ್ಮ ತಾತ ಪಂಚಾಂಗದ ಅಂಚಿನಲ್ಲಿ ಮಳೆ ಬಂದ ದಿನ ಗುರುತು ಹಾಕ್ತಿದ್ರು. ಮನೇಲಿ ಈಗಲೂ ಇದೆ. ಮೊದಲು ಇಪ್ಪತ್ತು ದಿನಕ್ಕೆ ಹಂಚಿ ಬರ್ತಿದ್ದ ಮಳೆ ಈಗ ನಾಲ್ಕು ದಿನದಲ್ಲಿ ಸುರಿದು ಹೋಗ್ತಿದೆ, ಇಲ್ಲಾ ಬರೋದೇ ಇಲ್ಲ. ಮುಂದಿನ ವರ್ಷ ಸರಿಹೋಗುತ್ತೆ ಅಂತ ನಾನಂತೂ ಹೇಳಲ್ಲ. ಇದು ಹಳೇ ಟಿಸಿ. ಒಟ್ಟಿಗೆ ನಾಲ್ಕು ಮೋಟ್ರಿಗಿಂತ ಜಾಸ್ತಿ ಓಡಿಸಿದ್ರೆ ಹೋಗುತ್ತೆ. ಹೋದ್ರೆ ಈ ಬೇಸಿಗೇಲಿ ಇನ್ನೊಂದು ತರೋ ಶಕ್ತಿ ನನಗಿಲ್ಲ. ಕುಡಿಯೋ ನೀರಿಗೂ ಇದೇ ಗತಿ."

ಅಂದರೆ ಎಲ್ಲರೂ ಆಟೋ ಕೀಳಬೇಕು. ಆಟೋ ಕಿತ್ತರೆ ಸರದಿ ಹಾಕಬೇಕು. ಸರದಿ ಹಾಕುವವರು ಯಾರು? ಕೊನೆಗೆ ಬಾಯಿಬಿಟ್ಟವನು ಚಿಕ್ಕಬಸಪ್ಪ. ಐದು ಎಕರೆ ಬಾಳೆ, ಹತ್ತು ಎಚ್‌ಪಿ ಮೋಟ್ರು, ಊರಿನ ದೊಡ್ಡ ಕುಳ. ಅವನು ಹೇಳಿದ್ದು ಕೇಳಿ ನಾನೇ ಬೆಚ್ಚಿದೆ.

"ಉಚ್ಚಯ್ಯ ಮಾಡ್ಲಿ. ಕೆರೇಲಿ ನೀರಿದ್ದಾಗ ಅವ್ನು ಒಬ್ರಿಗೂ ಮೋಸ ಮಾಡ್ನಿಲ್ಲ."

ಅಪ್ಪ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಟವೆಲ್ಲು ಹೆಗಲಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ.

"ಮಾಡ್ತೀನಿ ಬುದ್ದಿ. ಆದ್ರೆ ಆಟೋ ಎಲ್ಲಾ ಕಿತ್ತು ನಂಗೆ ತಂದುಕೊಡ್ಬೇಕು. ಒಂದೂ ಉಳೀಬಾರ್ದು. ಉಳುದ್ರೆ ಅದ್ಕೆ ನಾನೇ ಜವಾಬ್ದಾರ."

ಅವನು ಚಿಕ್ಕಬಸಪ್ಪನಿಗೆ 'ಬುದ್ದಿ' ಅನ್ನುವುದು ನನಗೆ ಒಂಚೂರೂ ಹಿಡಿಸುವುದಿಲ್ಲ. ಮನೆಯ ಗೋಡೆ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ ಹಾಕಿಕೊಂಡು ಬೀದಿಯಲ್ಲಿ ಬುದ್ದಿ ಅಂತೀಯಲ್ಲ ಅಂತ ಎಷ್ಟೋ ಸಲ ಜಗಳವಾಡಿದ್ದೇನೆ. ಆದರೆ ಅವತ್ತು ಅವನ ಧ್ವನಿ ಬೇರೆ ಥರ ಇತ್ತು. ನಾನು ಚಿಕ್ಕವನಿದ್ದಾಗ ತೂಬಿನ ಮೇಲೆ ನಿಂತು ಮಾತಾಡುತ್ತಿದ್ದ ಧ್ವನಿ. ನನಗೆ ಹೆಮ್ಮೆಯಾಯಿತು, ಮುಚ್ಚಿಟ್ಟು ಏನು ಪ್ರಯೋಜನ.

ಎರಡು ದಿನದಲ್ಲಿ ಡಬ್ಬಿಗಳೆಲ್ಲ ನಮ್ಮ ಮನೆಗೆ ಬಂದವು. ನಮ್ಮದನ್ನು ಅಪ್ಪ ಎಲ್ಲರ ಎದುರಿಗೆ ಮೊದಲು ಕಿತ್ತಿಸಿದ. ಕಿತ್ತವನು ನಾನೇ, ಅವನಿಗೆ ವೈರಿನ ಕೆಲಸ ಬರುವುದಿಲ್ಲ, ಫ್ಯೂಸ್ ಹಾಕುವುದಕ್ಕೂ ನನ್ನನ್ನೇ ಕೂಗುತ್ತಿದ್ದ. ಕರೆಂಟು ಬಂದ ಮೊದಲ ಗಂಟೆ ಪಂಚಾಯ್ತಿ ಮೋಟ್ರು ಒಂದೇ ಓಡಿ ಟ್ಯಾಂಕು ತುಂಬಬೇಕು. ಆಮೇಲೆ ನಾಲ್ಕು ಗಂಟೆ, ಗಂಟೆಗೆ ಮೂರು ಮೂರು ಪಂಪ್‌ಸೆಟ್ಟು, ಒಂದು ಗಂಟೆ ಮಾತ್ರ ನಾಲ್ಕು; ಉಳಿದ ಒಂದು ಕೊನೆಯ ಗಂಟೆಗೆ. ಅಪ್ಪ ಟಿಸಿ ಪಕ್ಕದ ಕಲ್ಲಿನ ಮೇಲೆ ಕೂತು, ಗಂಟೆಯಾದ ಕೂಡಲೇ ಎದ್ದು ಹೊಲದ ಕಡೆ ತಿರುಗಿ ಕೂಗು ಹಾಕುತ್ತಿದ್ದ. ಒಬ್ಬರು ಆಫ್ ಮಾಡುತ್ತಿದ್ದರು, ಇನ್ನೊಬ್ಬರು ಆನ್ ಮಾಡುತ್ತಿದ್ದರು. ಒಂದು ವಾರ ಕಳೆಯುವುದರೊಳಗೆ ಊರಿನ ನಲ್ಲಿಗಳಲ್ಲಿ ದಿನಾ ನೀರು ಬರತೊಡಗಿತು.

ತಕರಾರು ಎದ್ದದ್ದು ಅಪ್ಪನ ಹಳೆಯ ನಿಯಮದ ಮೇಲೆ. ಬಾಲದಿಂದ ಮೊದಲು ಅಂದರೆ ನಮ್ಮ ಹಿಪ್ಪುನೇರಳೆಯೇ ಮೊದಲು. ಕೆರೆಯ ಕಾಲದಲ್ಲಿ ಬಾಲದಲ್ಲಿ ನಮಗೆ ಜಮೀನಿರಲಿಲ್ಲ, ಯಾರೂ ಆಡಿಕೊಂಡಿರಲಿಲ್ಲ. ಈಗ ಯಾರೋ ಟೀ ಅಂಗಡಿಯಲ್ಲಿ, "ತನ್ ಮೋಟ್ರೇ ಮೊದ್ಲು ಕಣಪ್ಪಾ" ಅಂದದ್ದು ಅಪ್ಪನ ಕಿವಿಗೆ ಬಿತ್ತು. ಮಾರನೇ ದಿನವೇ ನಮ್ಮ ಸರದಿಯನ್ನು ಕೊನೆಯ ಗಂಟೆಗೆ ಹಾಕಿಬಿಟ್ಟ. ಹದಿಮೂರೂ ಮುಗಿದ ಮೇಲೆ ಹದಿನಾಲ್ಕನೆಯದು ನಮ್ಮದು. ಆರು ಗಂಟೆ ಕೊಡುತ್ತೇವೆ ಅಂದ ಕರೆಂಟು ನಾಲ್ಕೂವರೆ, ಐದು ಗಂಟೆಗೆಲ್ಲ ಹೋಗಿಬಿಡುತ್ತಿತ್ತು. ಹತ್ತು ದಿನದಲ್ಲಿ ನಮ್ಮ ಮೋಟ್ರು ಓಡಿದ್ದು ಎರಡು ದಿನ.

ಅಪ್ಪನ ಮರ್ಯಾದೆಗೆ ಬೆಲೆ ತೆತ್ತವಳು ನಮ್ಮವ್ವ ಮಾದಮ್ಮ. ಮನೆತುಂಬ ರೇಷ್ಮೆ ಹುಳ ಸಾಕಿದ್ದಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದ ಹುಳ ಬಕಾಸುರನ ಹಾಗೆ ತಿನ್ನುತ್ತವೆ; ಆ ಎಂಟು ದಿನ ರಸವಿರುವ ಸೊಪ್ಪು ಸಿಗದಿದ್ದರೆ ತಿಂಗಳ ದುಡಿಮೆ ತಿಪ್ಪೆಗೆ. ಗಿಡಗಳು ಬಾಡಿ ಸೊಪ್ಪು ಹಪ್ಪಳದ ಹಾಗಾಗಿತ್ತು. ನಾನು ಊಟಕ್ಕೆ ಕೂತಾಗ ತಟ್ಟೆಗೆ ಮುದ್ದೆ ಹಾಕಿ ಎದುರಿಗೇ ಕೂತಳು.

"ನಿಮ್ಮಪ್ಪ ಊರಿಗೆಲ್ಲಾ ಒಳ್ಳೇವ್ನು. ಈ ಉಳ ಯಾರ್ ಮಕ್ಳು? ನಂಗೇನೂ ಬ್ಯಾಡ ಮಗ, ಎಂಟ್ ದಿನ ನೀರ್ ಕೊಡ್ಸು."

"ಅಪ್ಪನ್ನ ಕೇಳವ್ವ."

"ಕೇಳ್ದೆ. ನಾನೇ ತಪ್ಪುದ್ರೆ ಮಿಕ್ಕೋರು ಬುಟ್ಟಾರಾ ಅಂತಾನೆ. ನೀನು ಕರೆಂಟ್ ಇಲಾಖೇಲಿ ಇದ್ದು ಯಾಕಪ್ಪ ಮತ್ತೆ?"

ಆ ಮಾತು ನಾಟಿತು. ಕೂತು ಯೋಚಿಸಿದೆ. ಮೊದಲ ಗಂಟೆಯಲ್ಲಿ ಓಡುವುದು ಪಂಚಾಯ್ತಿ ಮೋಟ್ರು ಒಂದೇ. ಜೊತೆಗೆ ನಮ್ಮದು ಸೇರಿದರೂ ಎರಡೇ. ನಾಲ್ಕರವರೆಗೆ ಓಡಿಸಬಹುದು ಅಂತ ಸಾಹೇಬರೇ ಹೇಳಿದ್ದಾರೆ. ಟಿಸಿಗೆ ಗೊತ್ತೂ ಆಗುವುದಿಲ್ಲ. ಬೋರೊಳಗಿನ ಮೋಟ್ರಾದ್ದರಿಂದ ಸದ್ದಿಲ್ಲ, ನಮ್ಮ ಶೆಡ್ಡು ಕಾಲುವೆಯ ಬಾಲದಲ್ಲಿ ದಿಬ್ಬದ ಮರೆಯಲ್ಲಿದೆ, ಅಪ್ಪ ಕೂರುವ ಕಲ್ಲಿಗೆ ಕಾಣುವುದಿಲ್ಲ. ಕರೆಂಟು ಒಂದು ದಿನ ಎಂಟಕ್ಕೆ, ಒಂದು ದಿನ ಒಂಬತ್ತೂವರೆಗೆ ಬರುತ್ತಿತ್ತು. ಹುಳ ಬಿಟ್ಟು ಅವ್ವ ಅಲ್ಲಿ ಕಾಯುವಂತಿಲ್ಲ. ಹಾಗಾಗಿ ಆಟೋ ಬೇಕೇ ಬೇಕು. ಮನೆಯಲ್ಲಿದ್ದ ಮೂಟೆಯಿಂದ ನಮ್ಮದನ್ನೇ ತೆಗೆದುಕೊಂಡು ಹೋಗಿ, ಅಪ್ಪ ಟಿಸಿ ಹತ್ತಿರ ಇದ್ದ ಹೊತ್ತಿನಲ್ಲಿ ಕೂರಿಸಿ, ವೈರಿನ ಕೊನೆಗಳಿಗೆ ಕಪ್ಪು ಟೇಪು ಸುತ್ತಿ, ಶೆಡ್ಡಿಗೆ ಬೀಗ ಹಾಕಿ ಬೀಗದಕೈ ಅವ್ವನಿಗೆ ಕೊಟ್ಟೆ. ಸೊಪ್ಪು ಕೊಯ್ಯಲು ಹೋದಾಗ ಆಫ್ ಮಾಡಿ ಬಾ, ಒಂದು ಗಂಟೆ ದಾಟಿಸಬೇಡ ಅಂದೆ. ಅವಳು ತಲೆಯಾಡಿಸಿದಳು.

ಏಳು ದಿನ ಅಡಚಣೆಯಿಲ್ಲದೆ ನಡೆಯಿತು. ಗಿಡ ಚಿಗುರಿದವು. ಅಪ್ಪ ಒಂದು ಸಂಜೆ ಹೊಲಕ್ಕೆ ಹೋಗಿ ಬಂದು, ನೆಲ ಇನ್ನೂ ತಂಪಾಗಿದೆ, ಮೊನ್ನೆ ನಮ್ಮ ಸರದಿಗೆ ಅವ್ವ ಬಿಟ್ಟಿದ್ದ ಅರ್ಧ ಗಂಟೆ ನೀರೇ ಎಷ್ಟು ತಡೆದಿದೆ ನೋಡು ಅಂದ. ಅವ್ವ ಹುಳದ ತಟ್ಟೆ ಮೇಲೆ ಬಗ್ಗಿಕೊಂಡಳು. ನಾನು ಬೇರೆ ಏನೋ ಮಾತು ತೆಗೆದೆ.

ಎಂಟನೇ ದಿನ ಹುಳ ಹಣ್ಣಾದವು. ಹಣ್ಣಾದ ಹುಳ ಒಂದೊಂದನ್ನೇ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು, ತಡವಾದರೆ ಕೆಟ್ಟವು. ಬೆಳಗಿನಿಂದ ಅವ್ವ ತಲೆಯೆತ್ತಲಿಲ್ಲ. ಆ ದಿನ ಸೊಪ್ಪು ಬೇಕಿರಲಿಲ್ಲ, ಆದ್ದರಿಂದ ಹೊಲದ ಕಡೆ ಹೋಗುವ ನೆನಪೂ ಬರಲಿಲ್ಲ. ಎಂಟೂವರೆಗೆ ಕರೆಂಟು ಬಂತು, ಹದಿನಾಲ್ಕನೇ ಮೋಟ್ರು ತಾನೇ ಎದ್ದಿತು. ಒಂದು ಗಂಟೆ ಕಳೆದು ಬೋರಿನಲ್ಲಿ ನೀರು ನಿಂತುಹೋದರೂ ನಿಲ್ಲಿಸುವವರಿಲ್ಲದೆ ಬರಿದೇ ತಿರುಗಿತು. ಕಾದು ಕಾದು ಒಳಗೇ ಸುಟ್ಟು ಶಾರ್ಟ್ ಆಯಿತು. ನಮ್ಮ ಶೆಡ್ಡಿನ ಫ್ಯೂಸಿನ ಜಾಗದಲ್ಲೂ ಎಲ್ಲರ ಹಾಗೆ ದಪ್ಪ ತಂತಿಯೇ ಇತ್ತು, ಅದು ಕರಗಲಿಲ್ಲ. ಏಟು ನೇರ ಟಿಸಿಗೆ ಹೋಯಿತು. ನಾನು ಮೋಟ್ರು ಎಣಿಸಿದ್ದೆ, ನೀರು ಎಣಿಸಿರಲಿಲ್ಲ.

ಮಧ್ಯಾಹ್ನ ಸಾಹೇಬರ ಜೊತೆ ಜೀಪಿನಲ್ಲಿ ಬಂದಾಗ ಟಿಸಿಯ ಕೆಳಗೆ ಎಣ್ಣೆ ಮಡುಗಟ್ಟಿತ್ತು. ಊರು ಪೂರ್ತಿ ಅಲ್ಲೇ ನಿಂತಿತ್ತು. ಅಪ್ಪನ ಕಣ್ಣು ಕೆಂಪಾಗಿತ್ತು. ಅಷ್ಟು ಕೋಪ ಅವನಲ್ಲಿ ನಾನು ಕಂಡಿರಲಿಲ್ಲ.

"ಸರದಿಗಿದ್ದೋವು ಮೂರೇಯ ಸಾ. ನಾನೇ ನಿಂತಿವ್ನಿ. ಯಾರೋ ಕಳ್ಳತನ್ವಾಗಿ ಒಸ ಆಟೋ ತಂದ್ ಆಕವ್ರೆ. ಬನ್ನಿ, ಒಂದೊಂದೇ ಸೆಡ್ ತೋರುಸ್ತೀನಿ."

ಸಾಹೇಬರು, ಅಪ್ಪ, ಚಿಕ್ಕಬಸಪ್ಪ, ಹಿಂದೆ ಹತ್ತು ಹದಿನೈದು ಜನ, ಅವರ ಹಿಂದೆ ನಾನು. ಮೊದಲು ನೋಡಿದ್ದು ಚಿಕ್ಕಬಸಪ್ಪನ ಶೆಡ್ಡು. ಎಲ್ಲರ ಗುಮಾನಿಯೂ ಅವನ ಮೇಲೆಯೇ ಇತ್ತು. ಅವನು ಬೀಗ ತೆಗೆದು ದೂರ ನಿಂತ. ಏನೂ ಇರಲಿಲ್ಲ. ಅಪ್ಪ ಗೋಡೆಯ ಸಂದಿಗೂ ಕೈಹಾಕಿ ನೋಡಿದ. ಎರಡನೆಯದು ಖಾಲಿ, ಮೂರನೆಯದು ಖಾಲಿ. ಏಳನೇ ಶೆಡ್ಡಿನ ಹತ್ತಿರ ಹೇಳಿಬಿಡೋಣ ಅಂತ ಸಾಹೇಬರ ಪಕ್ಕಕ್ಕೆ ಹೋದೆ. ಅವರು "ಏನು ಮಾದೇಶ?" ಅಂದರು. "ಬಿಸ್ಲು ಜಾಸ್ತಿ ಸಾ" ಅಂದೆ. ಕೆಲಸ ಹೋಗುತ್ತದೆ ಅನ್ನುವುದು ಒಂದು ಭಯ. ಅಪ್ಪನ ಮುಖ ನೋಡಬೇಕಲ್ಲ ಅನ್ನುವುದು ಅದಕ್ಕಿಂತ ದೊಡ್ಡದು. ಹದಿಮೂರನೆಯದೂ ಖಾಲಿ. ಕೊಟ್ಟ ಮಾತನ್ನು ಊರಿಗೆ ಊರೇ ಉಳಿಸಿಕೊಂಡಿತ್ತು.

ಸಾಹೇಬರು ಬೆವರು ಒರೆಸಿಕೊಂಡರು. "ಟಿಸಿನೇ ಹಳೇದು ಹುಚ್ಚಯ್ಯ, ಹಾಗೇ ಹೋಗಿರಬಹುದು. ನಿಮ್ಮದು ನೋಡೋದೇನೂ ಬೇಡ, ನಡೀರಿ."

ನನಗೆ ಜೀವ ಬಂದಂತಾಯಿತು.

"ಅದೆಂಗಾದದು ಸಾ? ಎಲ್ರುದೂ ನೋಡುದ್ ಮೇಲೆ ನನ್ದೂ ನೋಡ್ಬೇಕು" ಅಂದ ಅಪ್ಪ. ಬೀಗದಕೈ ತರಲು ಒಬ್ಬರನ್ನು ಮನೆಗೆ ಕಳಿಸಿದ. ಬಂತು. ಬಾಗಿಲು ತೆಗೆದದ್ದೇ ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಸ್ಟಾರ್ಟರ್ ಪಕ್ಕ ಆಟೋ ಡಬ್ಬಿ, ಅದರ ವೈರಿನ ಕೊನೆಗಳಿಗೆ ಅಚ್ಚುಕಟ್ಟಾಗಿ ಸುತ್ತಿದ ಕಪ್ಪು ಟೇಪು.

ಅಪ್ಪ ಆ ಟೇಪನ್ನೇ ನೋಡಿದ. ನನ್ನ ಕಡೆ ತಿರುಗಲಿಲ್ಲ. ಒಂದು ಸಲ ತಿರುಗಿದ್ದರೆ ಬಾಯಿಬಿಡುತ್ತಿದ್ದೆನೇನೋ.

"ಯಾರು ಹಾಕಿದ್ದು ಇದನ್ನ?" ಸಾಹೇಬರು ಕೇಳಿದರು.

"ನಾನೇ ಸಾ."

ಚಿಕ್ಕಬಸಪ್ಪ ಮೆಲ್ಲಗೆ ಕೇಳಿದ, "ನಿಂಗೆ ವೈರು ಕೂಡ್ಸಕ್ ಬತ್ತದಾ ಉಚ್ಚಯ್ಯ?"

"ಬತ್ತದೆ ಬುದ್ದಿ. ನೋಡ್ ನೋಡ್ ಕಲ್ತಿವ್ನಿ."

ಅದು ಸುಳ್ಳು ಅನ್ನುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ಅಪ್ಪ ಆಡಿದ ಮೊದಲ ಸುಳ್ಳು ಅದೇ ಇರಬೇಕು, ಅದಕ್ಕೇ ಅಷ್ಟು ಕೆಟ್ಟದಾಗಿ ಆಡಿದ. ಸಾಹೇಬರು ನನ್ನನ್ನು ನೋಡಿದರು. ಆಮೇಲೆ ಪುಸ್ತಕ ತೆಗೆದು, "ಬರ್ಕೊಳ್ಳಲಾ?" ಅಂತ ಕೇಳಿದರು. ಕೇಳಿದ್ದು ಅಪ್ಪನನ್ನೋ ನನ್ನನ್ನೋ, ಈಗಲೂ ಗೊತ್ತಿಲ್ಲ. ಉತ್ತರ ಕೊಟ್ಟವನು ಅಪ್ಪ.

"ಬರ್ಕಳಿ ಸಾ."

ಮಾರನೇ ದಿನದಿಂದ ಒಬ್ಬೊಬ್ಬರೇ ಮನೆಗೆ ಬಂದು ಅವರವರ ಡಬ್ಬಿ ವಾಪಸ್ ಕೇಳಿದರು. ಜೋರು ಮಾಡಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದರು. ಅಪ್ಪ ಯಾರದು ಯಾವುದು ಅಂತ ನೆನಪಿಟ್ಟು ಕೊಟ್ಟ. ಸರದಿಯ ಮಾತನ್ನು ನಮ್ಮೂರಲ್ಲಿ ಇನ್ನು ಯಾರೂ ಎತ್ತುವುದಿಲ್ಲ ಅನ್ನುವುದು ನನಗೆ ಅಲ್ಲಿಗೆ ತಿಳಿದುಹೋಯಿತು. ಹೆಂಗಸರು ಮತ್ತೆ ಪಕ್ಕದೂರಿನ ಬಾವಿಗೆ ನಡೆದರು. ಅವ್ವನೂ ನಡೆದಳು, ಎಲ್ಲರಿಗಿಂತ ಹಿಂದೆ, ಒಬ್ಬಳೇ. ಹುಳ ಒಳ್ಳೆಯ ಗೂಡು ಕಟ್ಟಿದ್ದವು, ಅದನ್ನು ಮಾರಲು ಹೋಗುವ ಮನಸ್ಸು ಮನೆಯಲ್ಲಿ ಯಾರಿಗೂ ಬರಲಿಲ್ಲ. ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ವಾರ ಕಳೆದು ಆರ್ಡರು ಬಂತು. ಅಕ್ರಮವಾಗಿ ಆಟೋ ಸ್ಟಾರ್ಟರ್ ಅಳವಡಿಸಿ ಹಾನಿ ಮಾಡಿದ ಹುಚ್ಚಯ್ಯ ಅವರ ಪಂಪ್‌ಸೆಟ್ಟಿನ ಸಂಪರ್ಕ ಕಡಿತಗೊಳಿಸತಕ್ಕದ್ದು. ಕಡಿತಗೊಳಿಸಬೇಕಾದವನು ಆ ಊರಿನ ಲೈನ್‌ಮ್ಯಾನ್. ಸಾಹೇಬರು ಕಾಗದ ಕೊಡುವಾಗ ತಲೆಯೆತ್ತಲಿಲ್ಲ. "ಬೇರೆಯವರನ್ನ ಕಳಿಸಲಾ?" ಅಂದರು. "ಬ್ಯಾಡ ಸಾ" ಅಂದೆ.

ಏಣಿ ಹೊತ್ತು ಹೊಲಕ್ಕೆ ಹೋದಾಗ ಅಪ್ಪ ಹಿಪ್ಪುನೇರಳೆಯ ಸಾಲಿನಲ್ಲಿ ಕಳೆ ಕೀಳುತ್ತಿದ್ದ. ಕಾಗದ ತೋರಿಸಿದೆ. ಓದಲು ಬರದಿದ್ದರೂ ಕೈಗೆ ತೆಗೆದುಕೊಂಡು ನೋಡಿದ, ಮಡಚಿ ನನಗೇ ಕೊಟ್ಟ. ಬಂದು ಏಣಿಯನ್ನು ಕಂಬಕ್ಕೆ ಒರಗಿಸಿ, ಬುಡಕ್ಕೆ ಒಂದು ಕಾಲು ಕೊಟ್ಟು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತ.

"ಅತ್ತು. ನಿದಾನ, ಮ್ಯಾಲಿನ್ ಮೆಟ್ಲು ಸಡ್ಲ ಅದೆ."

ಹತ್ತಿದೆ. ಮೇಲಿನಿಂದ ಅವನ ಬೋಳು ನೆತ್ತಿ, ಏಣಿ ಹಿಡಿದ ಕೈಗಳು ಕಾಣುತ್ತಿದ್ದವು. ಇಳಿದ ಕೂಡಲೇ ಕವಲಂದೆಗೆ ಹೋಗಿ ಸಾಹೇಬರ ಮುಂದೆ ನಿಜ ಹೇಳಿಬಿಡಬೇಕು ಅಂದುಕೊಂಡು ಮೂರು ತಂತಿಯನ್ನೂ ಕತ್ತರಿಸಿದೆ. ಕೆಳಗೆ ಬಿದ್ದ ತಂತಿಯನ್ನು ಅಪ್ಪ ಒಂದು ಕೈಯಲ್ಲಿ ಪಕ್ಕಕ್ಕೆ ಎಳೆದುಹಾಕಿದ, ಇನ್ನೊಂದು ಕೈ ಏಣಿಯಿಂದ ತೆಗೆಯಲಿಲ್ಲ.

ಇಳಿದೆ. ಹೇಳಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ.